ಅಂಕಪಟ್ಟಿಯಲ್ಲಿ ಕಾಣದ ಕನಿಷ್ಠ ಮಿತಿ

ಮಾನ್ಯರೇ,

ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲದ ಕಾರಣ, ದೊಡ್ಡ ಮೊತ್ತದ ಸಾಲಕ್ಕೆ ಅಂಜುವ ನಮ್ಮಂಥ ಮನೆಗಳ ಮಕ್ಕಳು ಉನ್ನತ ವ್ಯಾಸಂಗಕ್ಕೆ ಅತ್ತ ಮುಖ ಮಾಡುತ್ತಿದ್ದಾರೆ. ನನ್ನ ಮಗಳೂ ಅವರಲ್ಲಿ ಒಬ್ಬಳು. ಅವಳ ಅರ್ಜಿಯ ಓಡಾಟದಲ್ಲಿ ಕಂಡ ಒಂದು ಕೊರತೆಯನ್ನು ರಾಜ್ಯದ ವಿಶ್ವವಿದ್ಯಾಲಯಗಳ ಮೌಲ್ಯಮಾಪನ ಕುಲಸಚಿವರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಜರ್ಮನಿಯಲ್ಲಿ 1.0 ಅತ್ಯುತ್ತಮ ಶ್ರೇಣಿ, 4.0 ಬಂದರೆ ಪಾಸು. ನಮ್ಮ ಅಂಕಗಳನ್ನು ಆ ಅಳತೆಗೆ ಇಳಿಸಲು ಅಲ್ಲಿನವರು ಬಳಸುವ ‘ಬವೇರಿಯನ್ ಸೂತ್ರ’ಕ್ಕೆ ವಿದ್ಯಾರ್ಥಿಯ ಅಂಕ ಮತ್ತು ಗರಿಷ್ಠ ಅಂಕದ ಜೊತೆಗೆ ಉತ್ತೀರ್ಣರಾಗಲು ಬೇಕಾದ ಕನಿಷ್ಠ ಅಂಕವೂ ಗೊತ್ತಿರಬೇಕು. ಹತ್ತಕ್ಕೆ 7 ಸಿಜಿಪಿಎ ಪಡೆದ ವಿದ್ಯಾರ್ಥಿಯನ್ನೇ ತೆಗೆದುಕೊಳ್ಳಿ: ಕನಿಷ್ಠ ಮಿತಿ 4 ಎಂದಾದರೆ ಶ್ರೇಣಿ 2.5 ಬರುತ್ತದೆ, 5 ಎಂದು ಹಿಡಿದರೆ 2.8 ಆಗುತ್ತದೆ. ಅನೇಕ ಸ್ನಾತಕೋತ್ತರ ಕೋರ್ಸ್‌ಗಳಲ್ಲಿ 2.5 ದಾಟಿದವರ ಅರ್ಜಿಯನ್ನು ಪರಿಗಣಿಸುವುದೇ ಇಲ್ಲ. ಮೂರು ವರ್ಷ ಓದಿ ಗಳಿಸಿದ ಅಂಕದ ಬೆಲೆ ಹೀಗೆ ಒಂದೇ ಒಂದು ಸಂಖ್ಯೆಯ ಮೇಲೆ ನಿಂತಿರುತ್ತದೆ.

ಮಗಳು ಓದಿದ ವಿಶ್ವವಿದ್ಯಾಲಯ ಕೊಟ್ಟ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಇಡೀ ಕೋರ್ಸಿನ ಅಂಕಗಳ ಅಧಿಕೃತ ಪಟ್ಟಿಯಲ್ಲಿ, ಆ ಸಂಖ್ಯೆಯೇ ಇರಲಿಲ್ಲ. ಅದನ್ನು ತಿಳಿಸುವ ಪತ್ರ ಬೇಕೆಂದು ಚಲನ್ ಕಟ್ಟಿ ಅರ್ಜಿ ಕೊಟ್ಟೆವು. ಪರೀಕ್ಷಾಂಗ ವಿಭಾಗದ ಒಂದು ಮೇಜು ಇನ್ನೊಂದು ಮೇಜಿನತ್ತ ಕೈ ತೋರಿತು. ಸಿಬ್ಬಂದಿ ಒರಟಾಗಿ ನಡೆದುಕೊಂಡರೆಂದು ನಾನು ಹೇಳುವುದಿಲ್ಲ. ಅಂಥ ಪತ್ರಕ್ಕೆ ಅವರಲ್ಲಿ ಒಂದು ನಮೂನೆಯೇ ಇರಲಿಲ್ಲ, ಆದ್ದರಿಂದ ಸಹಿ ಹಾಕಬೇಕಾದವರು ಯಾರೆಂಬುದೂ ಅವರಿಗೆ ಸ್ಪಷ್ಟವಿರಲಿಲ್ಲ. ಐದು ವಾರಗಳ ನಂತರ ಪತ್ರ ಕೈಸೇರಿತು. ಅಷ್ಟರಲ್ಲಿ ಚಳಿಗಾಲದ ಸೆಮಿಸ್ಟರ್‌ಗೆ ಹಲವು ಕಡೆ ಕೊನೆಯ ದಿನವಾದ ಜುಲೈ 15 ಕಳೆದಿತ್ತು.

ಅರ್ಜಿಗೆ ತಗಲುವ ಹಣವೂ ಕಡಿಮೆಯದಲ್ಲ. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಕ್ಕೆ ಕಡ್ಡಾಯವಾಗಿರುವ, ನಮ್ಮ ಶೈಕ್ಷಣಿಕ ದಾಖಲೆಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ನಾವು 18,000 ರೂಪಾಯಿ ಕಟ್ಟಿದೆವು. ಅನೇಕ ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿಗಳನ್ನು ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಗೆ ಮೊದಲ ಅರ್ಜಿಗೆ 75 ಯೂರೊ, ನಂತರದ ಪ್ರತಿ ಅರ್ಜಿಗೆ 30 ಯೂರೊ ಕೊಡಬೇಕಾಯಿತು. ಹಣವನ್ನು ಹೇಗೋ ಹೊಂದಿಸಬಹುದು, ಆದರೆ ಮಗಳು ಕಳೆದುಕೊಂಡ ವರ್ಷವನ್ನು ನಾನು ಎಲ್ಲಿಂದ ತಂದುಕೊಡಲಿ?

ನಾನು ಕೇಳುತ್ತಿರುವುದು ದೊಡ್ಡ ಸುಧಾರಣೆಯನ್ನಲ್ಲ. ಶ್ರೇಣಿ ಪದ್ಧತಿಯನ್ನೂ ಕನಿಷ್ಠ ಉತ್ತೀರ್ಣ ಮಿತಿಯನ್ನೂ ಪ್ರತಿ ಅಂಕಪಟ್ಟಿಯ ಹಿಂಬದಿಯಲ್ಲಿ ಮುದ್ರಿಸಲಿ. ಟ್ರಾನ್ಸ್‌ಕ್ರಿಪ್ಟ್ ಕೊಡಲು ಇಂತಿಷ್ಟು ದಿನ ಎಂದು ಗಡುವು ಗೊತ್ತುಮಾಡಲಿ. ಈಗಾಗಲೇ ಪದವಿ ಪಡೆದು ಹೊರಬಿದ್ದವರಿಗಾಗಿ ಅದೇ ವಿವರವುಳ್ಳ ಪತ್ರವನ್ನು ಕುಲಸಚಿವರ ಸಹಿ, ಮೊಹರಿನೊಂದಿಗೆ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಹಾಕಿದರೆ, ಪ್ರತಿಯೊಬ್ಬರೂ ಪ್ರತ್ಯೇಕ ಅರ್ಜಿ ಹಿಡಿದು ಕಚೇರಿಗೆ ಬರುವ ಅಗತ್ಯವೂ ಇರುವುದಿಲ್ಲ.

— ವಿದ್ಯಾರ್ಥಿನಿಯೊಬ್ಬಳ ತಾಯಿ, ಹಾಸನ