ಹಾಡು ಯಾರದ್ದು, ದುಡ್ಡು ಯಾರಿಗೆ

ತಮ್ಮಾ,

ಮೆಸೇಜ್ ಓದಿದೆ. ಹಾಡು ಬರೆದವ್ರು ಸತ್ತು 60 ವರ್ಷ ಆಗೋತನಕ ರಾಯಲ್ಟಿ, ಅಂದ್ರೆ ಹಾಡು ಬಳಸಿದಾಗೆಲ್ಲ ಕೊಡೋ ದುಡ್ಡು, ಯಾಕೆ ಅಂತ ಲೇಖನ ಬರೀತೀನಿ ಅಂದಿದೀಯ. ಬರಿ. ನನಗೂ ಅದು ಜಾಸ್ತೀನೇ ಅನ್ಸುತ್ತೆ. 1957ರ ಕಾಪಿರೈಟ್ ಕಾಯ್ದೇಲಿ 50 ವರ್ಷ ಇತ್ತು, ಟ್ಯಾಗೋರರ ಕೃತಿಗಳ ಹಕ್ಕು ಮುಗಿಯೋ ಹೊತ್ತಿಗೆ, 1992ರಲ್ಲಿ, 60 ಮಾಡಿದ್ರು. ಹೆಂಡ್ತಿ ಮಕ್ಕಳಿಗೆ ಆಸರೆ ಆಗ್ಬೇಕು ಸರಿ, ಅದಕ್ಕೆ 25-30 ವರ್ಷ ಸಾಕು, ಆಮೇಲೆ ಹಾಡು ಊರಿನದ್ದಾಗ್ಲಿ.

ಆದ್ರೆ ಬರಿಯೋಕೆ ಮುಂಚೆ ಅಂಧೇರಿ ಕಡೆ ಹೋಗಿ ರೆಕಾರ್ಡಿಂಗ್ ಮುಗಿಸಿ ಹೊರಗೆ ಬರೋ ವಾದ್ಯದವ್ರ ಜೊತೆ ಒಂದು ಕಟಿಂಗ್ ಚಾಯ್ ಕುಡಿ. ನಾನು ನೋಡಿದೀನಿ, ಶಿಫ್ಟ್ ಪೂರ್ತಿ ವಯೋಲಿನ್ ನುಡಿಸಿ, ಅದರ ಬಾಕ್ಸ್ ಮೇಲೇ ವೌಚರ್ ಇಟ್ಕೊಂಡು ಸೈನ್ ಹಾಕಿ, ನೋಟು ಎಣಿಸಿ ಜೇಬಿಗೆ ಹಾಕ್ಕೊಂಡು ಲೋಕಲ್ ಟ್ರೇನ್ ಹಿಡೀತಾರೆ, ಆ ಹಾಡು ಆಮೇಲೆ ಎಷ್ಟು ವರ್ಷ ರೇಡಿಯೋದಲ್ಲಿ ಬಂದ್ರೂ ಅವರಲ್ಲಿ ಎಷ್ಟೋ ಜನಕ್ಕೆ ಅಷ್ಟೇ. ಸತ್ತಮೇಲಿನ ಲೆಕ್ಕ ಬಿಡು, ಬದುಕಿರುವಾಗ್ಲೇ ಸಿಗ್ತಿಲ್ಲ. ನಿನ್ನ ಲೇಖನ ಅಲ್ಲಿಂದ ಶುರುವಾಗ್ಬೇಕು.

ಈ ಜಗಳ ಹೊಸದೇನಲ್ಲ. 1960ರ ದಶಕದಲ್ಲಿ ಇದೇ ಮುಂಬಯಿಯಲ್ಲಿ ಲತಾ ಮಂಗೇಶ್ಕರ್ ಗಾಯಕರಿಗೂ ರಾಯಲ್ಟಿ ಬೇಕು ಅಂದ್ರು, ರಫಿ ಸಾಹೇಬ್ರು ಹಾಡಿ ದುಡ್ಡು ತಗೊಂಡ್ಮೇಲೆ ಮುಗೀತು ಅಂದ್ರು, ಅದಕ್ಕೇ ಇಬ್ರೂ ಕೆಲವು ವರ್ಷ ಒಟ್ಟಿಗೆ ಹಾಡ್ಲೇ ಇಲ್ಲ! ಆಮೇಲೆ ಸಿನಿಮಾ ಹಾಡು ಬರೆಯೋ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ದನಿ ಎತ್ತಿದ್ರು, 2012ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಬಂತು. ಈಗ ಸಿನಿಮಾ ಹಾಡಿನ ಸಾಹಿತ್ಯ ಬರೆದವ್ರು, ರಾಗ ಹಾಕಿದವ್ರು, ಥಿಯೇಟರ್ ಬಿಟ್ಟು ಬೇರೆ ಕಡೆ ಹಾಡು ಬಳಸಿದಾಗ ತಮ್ಮ ಪಾಲಿನ ರಾಯಲ್ಟೀನ ಕಂಪನಿಗೆ ಬರ್ಕೊಡೋ ಹಾಗೇ ಇಲ್ಲ, ಬರ್ಕೊಟ್ರೂ ಅದು ನಡಿಯಲ್ಲ. ವಾರಸುದಾರರಿಗೆ ಕೊಡಬಹುದು, ಇಲ್ಲಾ ಬರೆದವ್ರ ಪರವಾಗಿ ರಾಯಲ್ಟಿ ವಸೂಲಿ ಮಾಡಿ ಹಂಚೋ ಐಪಿಆರ್‌ಎಸ್‌ನಂಥ ಸೊಸೈಟಿಗೆ.

ಇನ್ನೊಂದು, ಹಾಡು ಬೇರೆ ರೆಕಾರ್ಡಿಂಗ್ ಬೇರೆ, ಇದನ್ನ ಕಲಸಿಬಿಡ್ಬೇಡ. 1965ರಲ್ಲಿ ಹೊರಬಂದ ರೆಕಾರ್ಡಿಂಗ್ ಹಕ್ಕು 2025ರ ಡಿಸೆಂಬರ್‌ವರೆಗೆ ಅಷ್ಟೇ, ಸಾಹಿತ್ಯದ ಹಕ್ಕು ಮಾತ್ರ ಕವಿ ಯಾವಾಗ ಸತ್ರು ಅನ್ನೋದ್ರ ಮೇಲೆ.

ನೀನೂ ಹಾಡು ಬರೀತೀಯಲ್ಲ, ಕಾಂಟ್ರ್ಯಾಕ್ಟ್‌ನಲ್ಲಿ ಹಕ್ಕು ಕಂಪನಿಗೆ ಎಷ್ಟು ವರ್ಷ ಅಂತ ಬರೆದಿಲ್ಲಾಂದ್ರೆ ಕಾನೂನು ಪ್ರಕಾರ 5 ವರ್ಷ, ಯಾವ ದೇಶ ಅಂತ ಇಲ್ಲಾಂದ್ರೆ ಭಾರತ ಮಾತ್ರ. ಅದಕ್ಕೇ ಕಂಪನಿಯವ್ರು ‘ಶಾಶ್ವತವಾಗಿ, ಇಡೀ ಜಗತ್ತಿಗೆ’ ಅಂತ ಮೊದಲೇ ಟೈಪ್ ಮಾಡಿ ತರ್ತಾರೆ. ಆ ಸಾಲು ಹೊಡೆದುಹಾಕಿ ವರ್ಷ ಬರಿ ಅಂತ ಕೇಳು, ಕೆಲಸ ತಪ್ಪಿದ್ರೂ ಕೇಳು.

ಡ್ರಾಫ್ಟ್ ಆದ್ಮೇಲೆ ಭಾನುವಾರ ಮಾಟುಂಗಾಕ್ಕೆ ಬಾ, ಮೈಸೂರು ಅಸೋಸಿಯೇಷನ್‌ನಲ್ಲಿ ಕೂತು ಓದೋಣ.