ಹಳೆ ಕಾಲ್ಪೇಟಿಯ ರೀಡು ಕೀಳಿಸಬೇಡಿ

ಮಾನ್ಯರೇ,

ಕಲಬುರಗಿಯ ಬ್ರಹ್ಮಪುರದಲ್ಲಿ ಪೇಟಿ (ಹಾರ್ಮೋನಿಯಂ) ರಿಪೇರಿ ಮಾಡಿಕೊಂಡಿರುವವನು ನಾನು. ಈಚೆಗೆ ಹಳೆ ಕಾಲ್ಪೇಟಿಗಳ, ಅಂದರೆ ಕಾಲಿನಿಂದ ತಿದಿ ಒತ್ತಿ ಬಾರಿಸುವ ಪೇಟಿಗಳ ಮೇಲೆ ಜನರಿಗೆ ಪ್ರೀತಿ ಉಕ್ಕಿದೆ. ಅಜ್ಜ ನಾಟಕ ಕಂಪನಿಯಲ್ಲಿ ಬಾರಿಸುತ್ತಿದ್ದದ್ದನ್ನು ಅಟ್ಟದಿಂದ ಇಳಿಸಿ ತಂದು, ‘ಎಷ್ಟು ವರ್ಷದ್ದು ಹೇಳ್ರಿ, ಆಮೇಲೆ ಹೊಸದರಂಗ ಮಾಡಿಕೊಡ್ರಿ’ ಅನ್ನುತ್ತಾರೆ. ಮೊದಲನೆಯದಕ್ಕೆ ಖುಷಿಯಿಂದ ಕೂಡುತ್ತೇನೆ. ಎರಡನೆಯದು ಬೇಡ ಎನ್ನಲು ಈ ಪತ್ರ.

ಫಲಕದ ಮೇಲೆ ಪದಕದ ಚಿತ್ರ, ಪಕ್ಕದಲ್ಲಿ ‘ಪ್ಯಾರಿಸ್ 1878’ ಎಂದಿದ್ದರೆ ಮಾರುವವರು ಅದನ್ನೇ ಪೇಟಿ ಹುಟ್ಟಿದ ವರ್ಷ ಮಾಡಿಬಿಡುತ್ತಾರೆ. ಅದು ಕಂಪನಿಗೆ ವಸ್ತುಪ್ರದರ್ಶನದಲ್ಲಿ ಬಹುಮಾನ ಬಂದ ವರ್ಷ. ಪೇಟಿ ಅದಕ್ಕಿಂತ ಹಳೆಯದಲ್ಲ, ಅಷ್ಟೇ. ನಿಜ ಬೇಕಿದ್ದರೆ ಒಳಗೆ ನೋಡಬೇಕು. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅದು ಕಂಡರೆ ಪೇಟಿಯೇ ಆಮೇಲಿನದು, ಇಲ್ಲವೇ ಆಮೇಲೆ ಯಾರೋ ಬಿಚ್ಚಿದ್ದಾರೆ ಎಂದು ತಿಳಿಯಿರಿ. ಒಂದು ಪೇಟಿಯ ತಿದಿಯ ಮಡಿಕೆಯೊಳಗೆ ಗಾಳಿ ಸೋರದಂತೆ ಉರ್ದು ಪತ್ರಿಕೆಯ ಪಟ್ಟಿ ಅಂಟಿಸಿದ್ದರು. ಅದರಲ್ಲೊಂದು ಜಾಹೀರಾತು, ಬೆಲೆ ಹಾಲಿ ಸಿಕ್ಕಾದಲ್ಲಿ. ನಿಜಾಮರ ನಾಣ್ಯ ಚಲಾವಣೆಯಲ್ಲಿದ್ದಾಗಲೇ ಅದು ರಿಪೇರಿಗೆ ಬಂದಿತ್ತು ಅಂದಂಗಾಯ್ತು. ಮಾಲೀಕರು ಆ ‘ಹೊಲಸು ಕಾಗದ’ ತೆಗೆದು ಹಾಕಿ ಎಂದರು. ನಾನು ತೆಗೆಯಲಿಲ್ಲ.

ಇನ್ನು ರೀಡು, ಅಂದರೆ ಗಾಳಿಗೆ ನಡುಗಿ ಸ್ವರ ಹೊರಡಿಸುವ ಹಿತ್ತಾಳೆ ನಾಲಿಗೆ. ಹಳೆ ಪೇಟಿಯ ಶ್ರುತಿ ಈಗಿನ ಕೀಬೋರ್ಡಿಗೆ ಕೂಡದಿದ್ದರೆ ಅದು ಕೆಟ್ಟಿದೆ ಎಂದಲ್ಲ. ‘ಎ’ ಸ್ವರಕ್ಕೆ ಸೆಕೆಂಡಿಗೆ 440 ಕಂಪನ ಎಂಬ ಈಗಿನ ಲೆಕ್ಕಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿದ್ದೇ 1939ರಲ್ಲಿ. ಹಿತ್ತಾಳೆ ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದ ಹಿತ್ತಾಳೆ ಮಾತ್ರ ಮರಳಿ ಬರುವುದಿಲ್ಲ. ಕೆರೆಯುವ ಗೋಜೇ ಬೇಡವೆಂದು ಕೆಲವರು ಇಡೀ ಸೆಟ್ ಕಿತ್ತು ಹೊಸದು ಹಾಕಿಸುತ್ತಾರೆ. ಆಮೇಲೆ ಉಳಿಯುವುದು ಅಜ್ಜನ ಪೇಟಿಯಲ್ಲ, ಅಜ್ಜನ ಡಬ್ಬಿ. ನಿಂತುಹೋದ ಸ್ವರಕ್ಕೆ ಎಷ್ಟೋ ಸಲ ಕಾರಣ ರೀಡಿನ ಸಂದಿಯ ದೂಳಿನ ಕಣ. ನಮ್ಮೂರಲ್ಲಿ ದೂಳಿಗೇನು ಬರ? ತೆಳ್ಳನೆಯ ಕಾಗದ ಆಡಿಸಿದರೆ ಸಾಕು.

ಏಪ್ರಿಲ್ ಬಿಸಿಲಲ್ಲಿ ಮರ ಒಣಗಿ ಸಂದಿ ಬಿಟ್ಟಾಗ ಬಿಳಿ ಗಮ್ ಸುರಿಯಬೇಡಿ, ಮಳೆಗಾಲ ಬರಲಿ, ತಾಳಿ. ಅಂಟಿಸಲೇಬೇಕಿದ್ದರೆ ಸರೇಸು (ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡಿದ ಅಂಟು) ಹಾಕಿಸಿ. ನಾಳೆ ಬಿಚ್ಚಬೇಕಾದವನಿಗೆ ಬಿಸಿನೀರಿಗೆ ಬಿಡುತ್ತದೆ.

ಕಲಬುರಗಿ ರಂಗಾಯಣದವರು ನಮ್ಮ ಭಾಗದ ಜಿಲ್ಲೆಗಳಲ್ಲಿ ಉಳಿದ ಕಾಲ್ಪೇಟಿಗಳ ಯಾದಿ ಮಾಡಬೇಕೆಂದು ವಿನಂತಿ. ಯಾರ ಮನೆಯಲ್ಲಿದೆ, ಯಾವ ಮುದ್ರೆ ಇದೆ, ಒಳಗಿನ ಫೋಟೊ, ಇಷ್ಟು ಸಾಕು. ಬಿಚ್ಚಿ ನೋಡಲು ಕರೆದರೆ ಬರುತ್ತೇನೆ, ಬಸ್ ಚಾರ್ಜು ಕೊಟ್ಟರಾಯಿತು.

– ಪೇಟಿ ರಿಪೇರಿಗಾರ, ಬ್ರಹ್ಮಪುರ, ಕಲಬುರಗಿ