ಪಡಿತರ ಅಕ್ಕಿ ಮಾರೋರನ್ನ ಬೈಯೋ ಮುಂಚೆ

ಸಂಪಾದಕರಿಗೆ ನಮಸ್ಕಾರ.

ಅನ್ನಭಾಗ್ಯದ ಅಕ್ಕಿ ಮಾರ್ಕೊಳ್ಳೋರಿಗೆ ಅನ್ನದ ಬೆಲೆ ಗೊತ್ತಿಲ್ಲ, ಪುಕ್ಕಟೆ ಸಿಕ್ಕಿದ್ದಕ್ಕೆ ಸೊಕ್ಕು ಅನ್ನೋ ಮಾತು ನಮ್ಮ ಕಡೆ ಬಸ್ಸಲ್ಲೂ ಕೇಳ್ತದೆ, ವಾಟ್ಸಾಪಲ್ಲೂ ಬರ್ತದೆ. ನಾನು ಅಂಕೋಲಾದಲ್ಲಿ ಪಿಯುಸಿ ಮಕ್ಕಳಿಗೆ ಎಕನಾಮಿಕ್ಸ್ ಟ್ಯೂಷನ್ ಹೇಳ್ತೇನೆ. ಈ ಮಾತು ಕೇಳಿದಾಗೆಲ್ಲ ಸಿಟ್ಟು ಬರ್ತದೆ, ಯಾಕಂದ್ರೆ ತುಷ್ಟಿಗುಣದ ಪಾಠ ಹೇಳೋದು ಪೂರ್ತಿ ಉಲ್ಟಾ.

ವಸ್ತು ಬಳಸಿದಾಗ ಸಿಗೋ ತೃಪ್ತಿಯೇ ತುಷ್ಟಿಗುಣ. ಅದು ಅಕ್ಕಿ ಮೂಟೆ ಒಳಗೆ ಇರೋದಲ್ಲ, ಉಣ್ಣೋರ ಅಗತ್ಯ ನೋಡ್ಕೊಂಡು ಹೆಚ್ಚುಕಮ್ಮಿ ಆಗ್ತದೆ, ಮತ್ತೆ ಕೈಯಲ್ಲಿ ಎಷ್ಟಿದೆ ಅನ್ನೋದ್ರ ಮೇಲೂ ಹೋಗ್ತದೆ. 1871ರಲ್ಲಿ ಇಂಗ್ಲೆಂಡಿನ ಜೆವನ್ಸ್, ಆಸ್ಟ್ರಿಯಾದ ಮೆಂಗರ್ ಅನ್ನೋ ಅರ್ಥಶಾಸ್ತ್ರಜ್ಞರಿಬ್ಬರೂ ಬೇರೆಬೇರೆಯಾಗಿ ಬರೆದದ್ದು ಇದನ್ನೇ.

ನಮ್ಮ ಕೇರಿ ನೋಡಿ. ಬೆಳಗಾಗೋದ್ರೊಳಗೆ ಬಂದರಿಗೆ ಹೋಗೋರು ಉಣ್ಣೋದು ಕುಚ್ಚಲಕ್ಕಿ ಗಂಜಿ, ಮಗ್ಗುಲಿಗೆ ಸುಟ್ಟ ಒಣ ಬಂಗಡೆ, ಇಲ್ಲಾಂದ್ರೆ ಉಪ್ಪಿನಕಾಯಿ. ರೇಷನ್ನಲ್ಲಿ ಬರೋದು ಬಿಳಿ ಅಕ್ಕಿ, ಗಂಜಿ ಮಾಡಿದ್ರೆ ಅಂಟಾಗಿ ಮುದ್ದೆ ಆಗ್ತದೆ, ಹತ್ತು ಗಂಟೆಗೆಲ್ಲ ಮತ್ತೆ ಹಸಿವು ಅಂತಾರೆ. 2025ರ ತಲೆಗೆ 10 ಕೆಜಿ ಲೆಕ್ಕ ಹಿಡಿದ್ರೆ ನಾಲ್ಕು ಜನರ ಮನೆಗೆ ತಿಂಗಳಿಗೆ 40 ಕೆಜಿ. ಮೊದಲ ಸ್ವಲ್ಪ ದೋಸೆಗೆ, ರೊಟ್ಟಿಗೆ ಬೇಕೇ ಬೇಕು, ಅದಕ್ಕೆ ಬೆಲೆ ಇದೆ. ಆಮೇಲಿಂದು ನೆಂಟರು ಬಂದಾಗ ಅನ್ನಕ್ಕೆ. ಕೊನೇ ಹತ್ತು ಕೆಜಿ ಡಬ್ಬದಲ್ಲಿ ಹುಳ ಬೀಳ್ತದೆ ಇಲ್ಲಾ ಕೋಳಿಗೆ ಹೋಗ್ತದೆ. ಆ ಮನೆ ಯಜಮಾನ್ತಿ ಅದನ್ನ ಬಂದ ರೇಟಿಗೆ ಕೊಟ್ಟು, ಮೇಲಿಂದ ತನ್ನ ದುಡ್ಡು ಹಾಕಿ ಕುಚ್ಚಲಕ್ಕಿ ತಂದ್ರೆ ಅದರಲ್ಲಿ ಸೊಕ್ಕು ಎಲ್ಲಿದೆ? 1938ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮುಯೆಲ್ಸನ್ ಹೇಳಿದ್ದು, ಜನರ ಮನಸ್ಸಲ್ಲಿರೋ ತೃಪ್ತಿ ಅಳೆಯೋದು ಬೇಡ, ಅವರು ಏನು ಆರಿಸ್ಕೊಳ್ತಾರೆ ನೋಡಿ ಸಾಕು ಅಂತ. ಆಕೆ ಆರಿಸಿ ತೋರಿಸ್ತಾ ಇದ್ದಾಳೆ, ನಾವು ನೋಡ್ತಾ ಇಲ್ಲ. ಪಡಿತರ ಮಾರೋದು ಕಾನೂನು ಪ್ರಕಾರ ತಪ್ಪು, ಅದು ಗೊತ್ತು. ಮನೆಮನೆ ತಿರುಗಿ ಅಕ್ಕಿ ಎತ್ತಿ ಲಾರಿ ತುಂಬಿಸೋರನ್ನ ಹಿಡೀಲಿ, ನನ್ನ ತಕರಾರಿಲ್ಲ.

2023ರ ಜುಲೈಯಿಂದ ಸರ್ಕಾರದವರು ಈ 10 ಕೆಜಿಯಲ್ಲಿ ರಾಜ್ಯದ ಪಾಲಿನ ಹೆಚ್ಚುವರಿ 5 ಕೆಜಿ ಬದಲು ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕ್ತಿದ್ರು, 2025ರಲ್ಲಿ ಮತ್ತೆ ಅಕ್ಕಿಗೇ ಬಂದ್ರು. ಪಾಠದ ಪ್ರಕಾರ ದುಡ್ಡೇ ಮೇಲು, ದುಡ್ಡಿದ್ರೆ ಬೇಕಾದ್ರೆ ಅದೇ ಅಕ್ಕಿ ತರಬಹುದು, ಬೇಡಾಂದ್ರೆ ಎಣ್ಣೆ, ಬೇಳೆ ತರಬಹುದು. ಆದ್ರೆ ಪುಸ್ತಕ ಒಂದು ಮನೆ ಅಂದ್ರೆ ಒಂದೇ ಮನಸ್ಸು ಅಂದ್ಕೊಳ್ತದೆ. ನಮ್ಮ ಕೇರಿಯ ಕೆಲವು ಹೆಂಗಸರು ಅಕ್ಕಿಯೇ ಇರಲಿ ಮಾರಾಯ್ರೆ ಅಂದದ್ದನ್ನ ನಾನೇ ಕೇಳಿದ್ದೇನೆ, ದುಡ್ಡು ತಡವಾಗಿ ಬರ್ತಿತ್ತು, ಬಂದದ್ದು ಗಂಡನ ಕೈ ಸೇರ್ತಿತ್ತು, ಅಕ್ಕಿಯಾದ್ರೆ ಮನೇಲೇ ಇರ್ತದೆ. ಅದೂ ಅವರ ಲೆಕ್ಕವೇ, ತಪ್ಪು ಲೆಕ್ಕ ಅಲ್ಲ.

ಹಾಗಾಗಿ ಎಲ್ಲರಿಗೂ ಒಂದೇ ಅಂತ ಬೆಂಗಳೂರಲ್ಲಿ ಕೂತು ತೀರ್ಮಾನ ಮಾಡೋದು ಬೇಡ. ಕರಾವಳಿಯ ನ್ಯಾಯಬೆಲೆ ಅಂಗಡಿಗಳಿಗೆ ಕುಚ್ಚಲಕ್ಕಿ ಕೊಡಿ, ಕುಮಟಾದ ಗಜನಿ ಅನ್ನೋ ಉಪ್ಪುನೀರಿನ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯೋರಿಂದಲೂ ಸ್ವಲ್ಪ ಖರೀದಿ ಮಾಡಿ. ಅಲ್ಲಿವರೆಗೆ ಹೆಬ್ಬೆಟ್ಟು ಒತ್ತಿಸ್ಕೊಳ್ಳೋವಾಗಲೇ ಹೆಚ್ಚುವರಿ 5 ಕೆಜಿಗೆ ಅಕ್ಕಿ ಬೇಕಾ ದುಡ್ಡು ಬೇಕಾ ಅಂತ ಕಾರ್ಡಿನ ಯಜಮಾನ್ತಿಯನ್ನೇ ಕೇಳಿ ಬರ್ಕೊಳ್ಳಿ. ಆಹಾರ ಇಲಾಖೆಯವರು ಇದನ್ನ ಒಂದು ತಾಲೂಕಲ್ಲಾದ್ರೂ ಮಾಡಿ ನೋಡಬೇಕು ಅಂತ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ತೇನೆ.

— ಒಬ್ಬ ಓದುಗ, ಅಂಕೋಲಾ